ಜರ್ಮನಿಯಲ್ಲಿ ಕೆಲಸ ಹೋಗುತ್ತಿದೆ: ಕಂಪನಿ ಕೊಟ್ಟ ಪತ್ರಕ್ಕೆ ಸಹಿ ಹಾಕಿದರೆ ನಿರುದ್ಯೋಗ ಭತ್ಯೆ ಸಿಗುತ್ತದೆಯೇ?

ಪ್ರಶ್ನೆ: ಮ್ಯೂನಿಕ್‌ನಲ್ಲಿ ನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಬ್ಲೂ ಕಾರ್ಡ್ (ನುರಿತ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ) ಇದೆ. ಈಗ ನಮ್ಮ ಇಡೀ ತಂಡವನ್ನೇ ತೆಗೆಯುತ್ತಿದ್ದಾರೆ. ಎಚ್‌ಆರ್‌ನವರು ಒಂದು ಆಫ್‌ಹೇಬುಂಗ್ಸ್‌ಫರ್ಟ್ರಾಗ್ ಮುಂದಿಟ್ಟಿದ್ದಾರೆ. ಶುಕ್ರವಾರದೊಳಗೆ ಸಹಿ ಹಾಕಿದರೆ ಮೂರು ತಿಂಗಳ ಸಂಬಳ ಪರಿಹಾರವಾಗಿ ಕೊಡುತ್ತಾರಂತೆ, ಆದರೆ ಕೆಲಸ ಈ ತಿಂಗಳ ಕೊನೆಗೇ ಮುಗಿಯುತ್ತದೆ. ನನ್ನ ಕರಾರಿನಲ್ಲಿ ಮೂರು ತಿಂಗಳ ನೋಟಿಸ್ ಇದೆ. ಸಹಿ ಹಾಕಿದರೆ ನಿರುದ್ಯೋಗ ಭತ್ಯೆಗೆ ತೊಂದರೆಯಾಗುತ್ತದೆಯೇ? ಆಮೇಲೆ ಒಂದೆರಡು ತಿಂಗಳು ಬೆಂಗಳೂರಿಗೆ ಹೋಗಿ ಬರಬಹುದೇ?

ಉತ್ತರ: ಭತ್ಯೆಗೆ ತೊಂದರೆ ಆಗುತ್ತದೆ. ಅದೂ ಒಂದಲ್ಲ, ಎರಡು ಕಡೆಯಿಂದ. ಶುಕ್ರವಾರದ ಗಡುವು ಕಂಪನಿ ಹಾಕಿದ್ದು, ಕಾನೂನಿನದಲ್ಲ. ಎರಡು ವಾರ ಸಮಯ ಬೇಕೆಂದು ಬರವಣಿಗೆಯಲ್ಲಿ ಕೇಳಿ, ಅಷ್ಟರಲ್ಲಿ ಕಾರ್ಮಿಕ ಕಾನೂನಿನ ವಕೀಲರೊಬ್ಬರಿಗೆ ಪತ್ರ ತೋರಿಸಿ.

ಆಫ್‌ಹೇಬುಂಗ್ಸ್‌ಫರ್ಟ್ರಾಗ್ ಅಂದರೆ ನೀವೂ ಕಂಪನಿಯೂ ಕೂಡಿ ನೌಕರಿ ಮುಗಿಸುವ ಒಪ್ಪಂದ. ಸಹಿ ಬಿದ್ದರೆ, ಕೆಲಸ ಬಿಡುವುದರಲ್ಲಿ ನಿಮ್ಮ ಕೈಯೂ ಇದೆ ಎಂದು ಆಗೆಂಟೂರ್ ಫ್ಯೂರ್ ಆರ್ಬೈಟ್, ಅಂದರೆ ಅಲ್ಲಿನ ಉದ್ಯೋಗ ಕಚೇರಿ, ಲೆಕ್ಕ ಹಾಕುತ್ತದೆ. ತಾವಾಗಿ ರಾಜೀನಾಮೆ ಕೊಟ್ಟವರಿಗೆ ಹಾಕುವ ಶ್ಪೆರ್‌ತ್ಸೈಟ್ ಎಂಬ ತಡೆಯನ್ನೇ ನಿಮಗೂ ಹಾಕಬಹುದು: 12 ವಾರ ಭತ್ಯೆ ಇಲ್ಲ. ಆ 12 ವಾರ ಕಾದರೆ ಮುಂದೆ ಪೂರ್ತಿ ಸಿಗುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ಹಾಗಿಲ್ಲ. ಒಟ್ಟು ಹಕ್ಕಿನಲ್ಲೇ ಕನಿಷ್ಠ ಕಾಲು ಭಾಗ ಕಳೆದುಹೋಗುತ್ತದೆ. 12 ತಿಂಗಳ ಹಕ್ಕನ್ನು 360 ದಿನ ಎಂದು ಎಣಿಸುತ್ತಾರೆ, ಅದರಲ್ಲಿ 90 ದಿನ ಅಳಿಸಿ 270 ಉಳಿಸುತ್ತಾರೆ. ತಿಂಗಳಿಗೆ 2,400 ಯೂರೊ ಭತ್ಯೆ ಬರಬೇಕಿದ್ದವರಿಗೆ ಇದು 7,200 ಯೂರೊ ನಷ್ಟ. ಕಂಪನಿ ಕೊಡುವ ಪರಿಹಾರವನ್ನು ತೂಗುವಾಗ ಈ ಮೊತ್ತವನ್ನು ಇನ್ನೊಂದು ತಟ್ಟೆಗೆ ಹಾಕಿ ನೋಡಬೇಕು.

ತಡೆ ಬೀಳದಂತೆ ಒಪ್ಪಂದ ಮಾಡಿಕೊಳ್ಳಲು ದಾರಿ ಇದೆ. ನೀವು ಸಹಿ ಹಾಕದಿದ್ದರೂ ಕಂಪನಿ ತನ್ನ ವ್ಯವಹಾರದ ಕಾರಣಕ್ಕೆ ಅದೇ ದಿನಾಂಕಕ್ಕೆ ನಿಮ್ಮನ್ನು ಖಂಡಿತ ತೆಗೆಯುತ್ತಿತ್ತು ಎಂಬುದು ಪತ್ರದಲ್ಲೇ ಸ್ಪಷ್ಟವಾಗಿರಬೇಕು. ನೋಟಿಸ್ ಅವಧಿ ಪೂರ್ತಿ ಪಾಲನೆಯಾಗಿರಬೇಕು. ಪರಿಹಾರ, ದುಡಿದ ಪ್ರತಿ ವರ್ಷಕ್ಕೆ ಅರ್ಧ ತಿಂಗಳ ಸಂಬಳಕ್ಕಿಂತ ಹೆಚ್ಚಿರಬಾರದು. ಈ ಮಿತಿಯೊಳಗಿದ್ದರೆ, ಕಂಪನಿ ಹೆದರಿಸಿದ ವಜಾ ಕಾನೂನುಬದ್ಧವೇ ಎಂದು ಕಚೇರಿ ಕೆದಕುವುದಿಲ್ಲ. ನಿಮ್ಮ ವಿಷಯದಲ್ಲಿ ನಾಲ್ಕು ವರ್ಷಕ್ಕೆ ಎರಡು ತಿಂಗಳ ಸಂಬಳ ಆ ಮಿತಿ. ನಿಮಗೆ ತೋರಿಸಿರುವುದು ಮೂರು ತಿಂಗಳು. ಹೆಚ್ಚು ಬಂದರೆ ತಡೆ ಬಿದ್ದೇ ಬೀಳುತ್ತದೆ ಎಂದಲ್ಲ, ಆಗ ಆ ವಜಾ ಸರಿ ಇತ್ತೇ ಎಂದು ಕಚೇರಿ ಪರಿಶೀಲಿಸುತ್ತದೆ, ಉತ್ತರ ನಿಮ್ಮ ಕೈಯಲ್ಲಿರುವುದಿಲ್ಲ.

ಎರಡನೆಯ ತೊಂದರೆ ನೋಟಿಸ್ ಅವಧಿಯದು. ಮೂರು ತಿಂಗಳ ನೋಟಿಸ್ ಇರುವಾಗ ಈ ತಿಂಗಳ ಕೊನೆಗೇ ಬಿಟ್ಟು ಪರಿಹಾರ ಪಡೆದರೆ, ಆ ಹಣದ ಒಂದು ಭಾಗ ನಿಮ್ಮ ಸಂಬಳವೇ ಎಂದು ಕಾನೂನು ಎಣಿಸುತ್ತದೆ. 40 ತುಂಬದ, ಐದು ವರ್ಷ ಸೇವೆಯೂ ಆಗಿಲ್ಲದವರಿಗೆ ಪರಿಹಾರದ 60 ಶೇಕಡಾ ಹೀಗೆ ಎಣಿಕೆಗೆ ಬರುತ್ತದೆ, ವಯಸ್ಸೂ ಸೇವೆಯೂ ಹೆಚ್ಚಾದಂತೆ ಇದು 25 ಶೇಕಡಾವರೆಗೆ ಇಳಿಯುತ್ತದೆ. ಮೂರು ತಿಂಗಳ ಸಂಬಳದ 60 ಶೇಕಡಾ ಎಂದರೆ ಸುಮಾರು 54 ದಿನದ ಸಂಬಳ. ಅಷ್ಟು ದಿನ ಭತ್ಯೆ ಶುರುವಾಗುವುದಿಲ್ಲ. ಇಲ್ಲಿ ಹಕ್ಕು ಕಡಿಮೆಯಾಗದೆ ಬರೀ ಮುಂದಕ್ಕೆ ಹೋಗುತ್ತದೆ ಎಂಬುದೊಂದೇ ಸಮಾಧಾನ. ಆದರೆ ಈ ಅವಧಿಯಲ್ಲಿ ನಿಮ್ಮ ಆರೋಗ್ಯ ವಿಮೆಯ ಕಂತನ್ನು ಕಚೇರಿ ಕಟ್ಟುವುದಿಲ್ಲ. ಬರೀ ಶ್ಪೆರ್‌ತ್ಸೈಟ್ ಇದ್ದಾಗ ವಿಮೆ ಮುಂದುವರಿಯುತ್ತದೆ, ಪರಿಹಾರದ ಕಾರಣಕ್ಕೆ ಭತ್ಯೆ ನಿಂತಾಗ ಇಲ್ಲ. ಹೆಂಡತಿ ಮಕ್ಕಳೂ ನಿಮ್ಮ ವಿಮೆಯಲ್ಲೇ ಇದ್ದರೆ ಸಹಿಗೆ ಮೊದಲು ನಿಮ್ಮ ಕ್ರಾಂಕನ್‌ಕಾಸ್ಸೆಗೆ, ಅಂದರೆ ಆರೋಗ್ಯ ವಿಮಾ ಸಂಸ್ಥೆಗೆ, ಫೋನು ಮಾಡಿ ಕೇಳಿಕೊಳ್ಳಿ. ಬಳಸದ ರಜೆಗೆ ಹಣ ತೆಗೆದುಕೊಂಡರೂ ಅಷ್ಟು ದಿನ ಭತ್ಯೆ ಮುಂದೆ ಹೋಗುತ್ತದೆ. ಹಾಗಾಗಿ ರಜೆಯನ್ನು ನೋಟಿಸ್ ಅವಧಿಯಲ್ಲೇ ಮುಗಿಸುವುದು ಜಾಣತನ.

ನಮ್ಮ ಸಲಹೆ: ಕೊನೆಯ ದಿನಾಂಕವನ್ನು ಮೂರು ತಿಂಗಳ ನೋಟಿಸ್‌ಗೆ ಸರಿಯಾಗಿ ಬದಲಿಸಲು ಹೇಳಿ, ಪರಿಹಾರದ ಚೌಕಾಸಿ ಆಮೇಲೆ. ಕಂಪನಿ ಒಪ್ಪದೆ ವಜಾ ಪತ್ರ ಕೊಟ್ಟರೆ ಗಾಬರಿಯಾಗಬೇಡಿ, ಭತ್ಯೆಯ ದೃಷ್ಟಿಯಿಂದ ಅದೇ ನಿಮಗೆ ಸುರಕ್ಷಿತ. ವಜಾವನ್ನು ಸುಮ್ಮನೆ ಸ್ವೀಕರಿಸಿದ್ದಕ್ಕೆ ಸಾಮಾನ್ಯವಾಗಿ ತಡೆ ಬೀಳುವುದಿಲ್ಲ. ವಜಾ ಪತ್ರ ಕಾಗದದ ಮೇಲೆ, ಶಾಯಿಯ ಸಹಿಯೊಂದಿಗೆ ಇರಬೇಕು. ಇಮೇಲ್‌ನಲ್ಲಿ ಬಂದದ್ದು ವಜಾ ಅಲ್ಲವೇ ಅಲ್ಲ. ವಜಾ ಪತ್ರ ಕೈ ಸೇರಿದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹಾಕಬಹುದು. ಎಷ್ಟೋ ದಾವೆಗಳು ಅಲ್ಲಿ ರಾಜಿಯಲ್ಲೇ ಮುಗಿಯುತ್ತವೆ. ಮೂರು ವಾರ ದಾಟಿತೋ, ವಜಾ ಎಷ್ಟೇ ತಪ್ಪಾಗಿದ್ದರೂ ಸಾಮಾನ್ಯವಾಗಿ ಸರಿಯೆಂದೇ ಆಗಿಬಿಡುತ್ತದೆ.

ಇನ್ನು ಹೆಸರು ನೋಂದಾಯಿಸುವ ವಿಷಯ. ಇಲ್ಲಿ ಎರಡು ಬೇರೆ ಬೇರೆ ನೋಂದಣಿಗಳಿವೆ, ಒಂದನ್ನು ಮಾಡಿ ಎರಡೂ ಆಯಿತು ಎಂದುಕೊಳ್ಳುವವರೇ ಹೆಚ್ಚು. ಮೊದಲನೆಯದು ಆರ್ಬೈಟ್‌ಝೂಖೆಂಡ್, ಕೆಲಸ ಹುಡುಕುತ್ತಿದ್ದೇನೆ ಎಂಬ ತಿಳಿವಳಿಕೆ. ಕೆಲಸ ಮುಗಿಯಲು ಮೂರು ತಿಂಗಳಿಗಿಂತ ಕಡಿಮೆ ಇದ್ದರೆ, ಕೊನೆಯ ದಿನಾಂಕ ಗೊತ್ತಾದ ಮೂರು ದಿನದೊಳಗೆ ಇದನ್ನು ಮಾಡಬೇಕು. ಆನ್‌ಲೈನ್ ಅಥವಾ ಫೋನ್ ಸಾಕು. ತಡವಾದರೆ ಒಂದು ವಾರದ ಭತ್ಯೆ ಹೋಗುತ್ತದೆ. ನ್ಯಾಯಾಲಯಕ್ಕೆ ಹೋಗುತ್ತೇನೆ, ಇನ್ನೂ ಖಚಿತವಿಲ್ಲ ಎಂದು ಕಾಯುವ ಹಾಗಿಲ್ಲ.

ಎರಡನೆಯದು ಆರ್ಬೈಟ್ಸ್‌ಲೋಸ್, ನಿಜವಾಗಿ ಕೆಲಸವಿಲ್ಲ ಎಂಬ ನೋಂದಣಿ. ಕೆಲಸವಿಲ್ಲದ ಮೊದಲ ದಿನಕ್ಕೆ ಇದು ಆಗಿರಬೇಕು, ಮೂರು ತಿಂಗಳ ಮುಂಚಿನಿಂದಲೂ ಮಾಡಬಹುದು. ಕಚೇರಿಗೆ ನೀವೇ ಹೋಗಬೇಕು, ಇಲ್ಲವೇ ರೆಸಿಡೆನ್ಸ್ ಕಾರ್ಡಿನ ಆನ್‌ಲೈನ್ ಗುರುತಿನ ಸೌಲಭ್ಯ ಚಾಲೂ ಇದ್ದರೆ ಪಿನ್ ಹಾಕಿ ಮೊಬೈಲ್‌ನಿಂದಲೇ ಮುಗಿಸಬಹುದು. ಆ ಪಿನ್ ಪತ್ರ ಎಲ್ಲಿಟ್ಟಿದ್ದೀರಿ ಎಂದು ಈಗಲೇ ಹುಡುಕಿ. ಹತ್ತು ದಿನ ತಡವಾಗಿ ಹೋದರೆ ಆ ಹತ್ತು ದಿನದ ಹಣ ಹೋದಂತೆಯೇ, ಹಿಂದಿನ ದಿನಗಳಿಗೆ ಕೊಡುವುದಿಲ್ಲ. ಭತ್ಯೆಯ ಅರ್ಜಿ ಇವೆರಡರ ಜೊತೆ ಬೇರೆಯಾಗಿ ತುಂಬಬೇಕು. ಸಂಬಳದ ವಿವರವನ್ನು 2023ರಿಂದ ಕಂಪನಿಯೇ ಎಲೆಕ್ಟ್ರಾನಿಕ್ ಆಗಿ ಕಚೇರಿಗೆ ಕಳಿಸುತ್ತದೆ. ಅರ್ಜಿ ಕೊಳೆಯುತ್ತಿದ್ದರೆ ಹೆಚ್ಚಾಗಿ ಕಂಪನಿ ಇದನ್ನು ಕಳಿಸಿರುವುದಿಲ್ಲ, ಸಂಬಳ ವಿಭಾಗಕ್ಕೆ ಜ್ಞಾಪಿಸಿ.

ಎಷ್ಟು ಸಿಗುತ್ತದೆ? ಕಳೆದ 30 ತಿಂಗಳಲ್ಲಿ 12 ತಿಂಗಳು ನಿರುದ್ಯೋಗ ವಿಮೆ ಕಟ್ಟಿದ್ದರೆ ಹಕ್ಕು ಹುಟ್ಟುತ್ತದೆ, ಆಗ 6 ತಿಂಗಳ ಭತ್ಯೆ. 24 ತಿಂಗಳು ಅಥವಾ ಹೆಚ್ಚು ಕಟ್ಟಿದ 50ರ ಒಳಗಿನವರಿಗೆ 12 ತಿಂಗಳು. ನೀವು ಈ ಗುಂಪಿನವರು. ಕೊನೆಯ ವರ್ಷದ ಒಟ್ಟು ಸಂಬಳವನ್ನು ದಿನಕ್ಕೆ ಹಂಚಿ, ಅದರಲ್ಲಿ 20 ಶೇಕಡಾ ಸಾಮಾಜಿಕ ವಿಮೆಗೆಂದು ಸಾರಾಸಗಟಾಗಿ ಕಳೆದು, ತೆರಿಗೆಯನ್ನೂ ಕಳೆದು, ಉಳಿದುದರ 60 ಶೇಕಡಾ ಕೊಡುತ್ತಾರೆ, ಮಗುವಿದ್ದರೆ 67. ಸಂಬಳ ಎಷ್ಟೇ ದೊಡ್ಡದಿರಲಿ, ಒಂದು ಮಿತಿಯಾಚೆ ಎಣಿಕೆ ಇಲ್ಲ: 2025ರಲ್ಲಿ ತಿಂಗಳಿಗೆ 8,050 ಯೂರೊ, 2026ರಲ್ಲಿ 8,450. ಗಂಡ ಹೆಂಡಿರಿಬ್ಬರೂ ದುಡಿಯುತ್ತಿದ್ದು ತೆರಿಗೆ ವರ್ಗ ಮೂರು ಮತ್ತು ಐದು ಎಂದು ಹಂಚಿಕೊಂಡಿದ್ದರೆ, ಹೆಚ್ಚು ತೆರಿಗೆ ಕಡಿತವಾಗುವ ಐದರಲ್ಲಿರುವವರ ಕೆಲಸ ಹೋದಾಗ ಭತ್ಯೆ ತೀರಾ ಸಣ್ಣದಾಗುತ್ತದೆ. ಹಣ ತಿಂಗಳ ಕೊನೆಗೆ ಬರುತ್ತದೆ, ಮುಂಗಡವಾಗಿ ಅಲ್ಲ, ಆದ್ದರಿಂದ ಮೊದಲ ತಿಂಗಳ ಬಾಡಿಗೆಗೆ ಬೇರೆ ವ್ಯವಸ್ಥೆ ಇರಲಿ.

ಊರಿಗೆ ಹೋಗುವುದು: ಎರಡು ತಿಂಗಳು ಹೋದರೆ ಭತ್ಯೆ ಇಲ್ಲ. ನಾಳೆ ಬೆಳಿಗ್ಗೆ ಇಂಟರ್‌ವ್ಯೂಗೆ ಕರೆದರೂ ಹೋಗಲು ಸಿದ್ಧ ಇರುವವರಿಗೆ ಕೊಡುವ ಹಣ ಇದು. ವರ್ಷಕ್ಕೆ ಮೂರು ವಾರ ಹೊರಗಿರಬಹುದು, ಅದೂ ಕಚೇರಿಯ ಮುಂಗಡ ಒಪ್ಪಿಗೆ ಪಡೆದು. ನಿರುದ್ಯೋಗದ ಮೊದಲ ಮೂರು ತಿಂಗಳಲ್ಲಿ ಈ ಒಪ್ಪಿಗೆ ವಿಶೇಷ ಕಾರಣವಿದ್ದರೆ ಮಾತ್ರ. ಒಪ್ಪಿಗೆಯ ಮೇಲೆ ಹೋಗಿ ಆರು ವಾರದೊಳಗೆ ಮರಳಿದರೆ ಮೂರು ವಾರದ್ದು ಮಾತ್ರ ಸಿಗುತ್ತದೆ, ಅದಕ್ಕಿಂತ ಹೆಚ್ಚು ದಿನ ಇರುವುದಾದರೆ ಮೊದಲ ದಿನದಿಂದಲೇ ಇಲ್ಲ. ಹೇಳದೆ ಹೋಗಿ ಸಿಕ್ಕಿಬಿದ್ದರೆ ಕೊಟ್ಟದ್ದನ್ನೂ ವಾಪಸು ಕೇಳುತ್ತಾರೆ. ಅಪ್ಪ ಅಮ್ಮನಿಗೆ ಹುಷಾರಿಲ್ಲವೆಂದು ತುರ್ತಾಗಿ ಹೊರಡಬೇಕಾದರೆ ಟಿಕೆಟ್ ಬುಕ್ ಮಾಡುವ ಮೊದಲು ಕಚೇರಿಗೆ ಫೋನ್ ಮಾಡಿ, ಒಪ್ಪಿಗೆಯನ್ನು ಬರಹದಲ್ಲಿ ಕೇಳಿ. ಇನ್ನೂ ಒಳ್ಳೆಯ ದಾರಿ, ನೋಟಿಸ್ ಅವಧಿಯಲ್ಲಿ ಉಳಿದ ರಜೆ ಹಾಕಿ ಊರಿಗೆ ಹೋಗಿ ಬರುವುದು.

ನೀವು ಕೇಳಿಲ್ಲ, ಆದರೂ ಬ್ಲೂ ಕಾರ್ಡಿನ ವಿಷಯ ಹೇಳಲೇಬೇಕು. ಕೆಲಸ ಅವಧಿಗೆ ಮುಂಚೆ ಮುಗಿಯುತ್ತದೆ ಎಂದು ತಿಳಿದ ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ನೀವೇ ತಿಳಿಸಬೇಕು. ಕಂಪನಿ ತಿಳಿಸಿದರೂ ನಿಮ್ಮ ಹೊಣೆ ತಪ್ಪುವುದಿಲ್ಲ. ಭತ್ಯೆ ತೆಗೆದುಕೊಂಡರೆ ಮುಂದೆ ಪಿಆರ್‌ಗೆ (ಕಾಯಂ ವಾಸದ ಪರವಾನಗಿಗೆ) ಕಪ್ಪುಚುಕ್ಕೆ ಎಂದು ಹೆದರಿ ಅರ್ಜಿಯನ್ನೇ ಹಾಕದವರಿದ್ದಾರೆ. ಇದು ನಿಮ್ಮ ಸಂಬಳದಿಂದ ಪ್ರತಿ ತಿಂಗಳು 1.3 ಶೇಕಡಾ ಕಡಿದು ಕಟ್ಟಿದ ವಿಮೆಯ ಹಣ. ವೀಸಾ ಕಾನೂನಿನಲ್ಲಿ ಇದನ್ನು ಸರ್ಕಾರದ ದಾನ ಎಂದು ಎಣಿಸುವುದಿಲ್ಲ.

ಭತ್ಯೆಯ ಬೆಶೈಡ್, ಅಂದರೆ ಮಂಜೂರಾತಿ ಪತ್ರ, ಬಂದಾಗ ದಿನದ ಸಂಬಳ, ತೆರಿಗೆ ವರ್ಗ, ಮಗುವಿನ ಎಣಿಕೆ, ಒಟ್ಟು ದಿನ ಇವನ್ನು ನಿಮ್ಮ ಸಂಬಳದ ಚೀಟಿಯ ಪಕ್ಕ ಇಟ್ಟು ನೋಡಿ. ತಪ್ಪಿದ್ದರೆ, ಅಥವಾ ತಡೆ ಹಾಕಿದ್ದು ಸರಿಯಲ್ಲ ಅನಿಸಿದರೆ, ಒಂದು ತಿಂಗಳೊಳಗೆ ವಿಡರ್‌ಶ್ಪ್ರುಖ್ ಎಂಬ ಆಕ್ಷೇಪ ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ. ಕಾರಣಗಳನ್ನು ಬರೆಯಲು ಸಮಯ ಸಾಲದಿದ್ದರೆ, ಆಕ್ಷೇಪವಿದೆ ಎಂದು ಒಂದು ಸಾಲು ಬರೆದು ಸಹಿ ಹಾಕಿ ಗಡುವಿನೊಳಗೆ ತಲುಪಿಸಿ, ವಿವರವನ್ನು ಆಮೇಲೆ ಕಳಿಸಿದರೂ ನಡೆಯುತ್ತದೆ.