ಕಾರ್ಲಾದಲ್ಲಿ ಸಿಗದ ಕಲ್ಲು

ಪುಣೆಯ ಕನ್ನಡ ಬಳಗದವರೊಡನೆ ಕಾರ್ಲಾ ಗುಹೆಗಳಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ಗುಹೆಯ ಕಲ್ಲಿನಿಂದ ಹಳೆಯ ಮಳೆಯ ಲೆಕ್ಕ ತೆಗೆಯುತ್ತೀರಲ್ಲ, ಈ ಕಲ್ಲನ್ನೇ ಏಕೆ ನೋಡಬಾರದು?” ಕಾರ್ಲಾ, ಭಾಜೆಗಳು ಮನುಷ್ಯರು ಉಳಿ ಹಿಡಿದು ಕೊರೆದ ಲೇಣಗಳು, ಕೊರೆದ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ನಮಗೆ ಬೇಕಾದದ್ದು ನೀರೇ ಕೊರೆದು, ನೀರೇ ಮತ್ತೆ ತುಂಬುತ್ತಿರುವ ಸುಣ್ಣಕಲ್ಲಿನ ಗುಹೆ.

ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿ, ತುಸು ಹುಳಿಯಾಗಿ, ಕೆಳಗಿನ ಸುಣ್ಣಕಲ್ಲನ್ನು ಕರಗಿಸಿಕೊಳ್ಳುತ್ತದೆ. ಗುಹೆಯ ಗಾಳಿಗೆ ತೆರೆದುಕೊಂಡಾಗ ಆ ಅನಿಲ ಹೊರಬಿದ್ದು, ಕರಗಿದ್ದ ಸುಣ್ಣ ಹನಿ ಬಿದ್ದಲ್ಲೇ ಹರಳುಗಟ್ಟುತ್ತದೆ. ಹೀಗೆ ನೆಲದಿಂದ ಮೇಲೇಳುವ ಸ್ಟ್ಯಾಲಗ್ಮೈಟಿನ ಪದರಗಳು ತಟ್ಟೆಯ ಮೇಲೆ ತಟ್ಟೆ ಇಟ್ಟಂತೆ ಕೂತಿರುತ್ತವೆ. ಅನೇಕ ಕಲ್ಲುಗಳು ವರ್ಷಕ್ಕೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲೂ ಬೆಳೆಯುವುದಿಲ್ಲ.

ಕಷ್ಟವಿರುವುದು ವಯಸ್ಸಿನಲ್ಲಿ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಕರಗುವುದಿಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಶುದ್ಧವಾದ ಹೊಸ ಪದರದಲ್ಲಿ ಯುರೇನಿಯಂ ಮಾತ್ರ ಸೇರುತ್ತದೆ. ಮುಂದೆ ಅಲ್ಲಿ ಸಿಗುವ ಥೋರಿಯಂ-230 ಆ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಅದರ ಅರ್ಧಾಯುಷ್ಯ, ಎಂದರೆ ಇದ್ದದ್ದು ಕ್ಷಯಿಸಿ ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಸುಮಾರು 75,600 ವರ್ಷಗಳಾದ್ದರಿಂದ ಈ ಗಡಿಯಾರ ಲಕ್ಷಗಟ್ಟಲೆ ವರ್ಷ ಹಿಂದಕ್ಕೆ ನಡೆಯುತ್ತದೆ. ಒಮ್ಮೆ, ಹನಿ ಇನ್ನೂ ಬೀಳುತ್ತಿದ್ದಾಗಲೇ ತೆಗೆದ ಕಲ್ಲೊಂದನ್ನು ವಜ್ರದ ಗರಗಸದಲ್ಲಿ ಉದ್ದಕ್ಕೆ ಸೀಳಿ, ತುದಿಯ ಪುಡಿಯನ್ನು ಅಳೆದಾಗ ವಯಸ್ಸು ಎಂಟುನೂರು ವರ್ಷ ಎಂದು ಬಂತು. ಇವತ್ತಿನ ನೀರಿನಲ್ಲಿ ಒದ್ದೆಯಾಗಿದ್ದ ತುದಿಗೆ ಎಂಟುನೂರು ವರ್ಷ! ಮಸೂರದಡಿ ನೋಡಿದರೆ ಕೂದಲೆಳೆಯಷ್ಟು ಕೆಂಗಂದು ಗೆರೆ: ಜೇಡಿಮಣ್ಣು. ಅವಸರದಲ್ಲಿ ನಾನು ಅದರ ಮೇಲೆಯೇ ಡ್ರಿಲ್ ಓಡಿಸಿದ್ದೆ. ಮಣ್ಣು ತನ್ನದೇ ಥೋರಿಯಂ ತಂದು ಎಳೆಯ ಕಲ್ಲನ್ನು ಮುದಿಯಾಗಿಸುತ್ತದೆ. ಯುರೇನಿಯಂನಿಂದ ಹುಟ್ಟದ ಥೋರಿಯಂ-232 ಎಷ್ಟಿದೆಯೆಂದು ಅಳೆದು ಇದನ್ನು ತಿದ್ದಬಹುದು, ಆದರೆ ತಿದ್ದಿದಷ್ಟೂ ವಯಸ್ಸಿನ ಅನಿಶ್ಚಿತತೆ ಹಿಗ್ಗುತ್ತದೆ. ಶುಭ್ರವಾದ ಪದರ ಹುಡುಕಿ ಮತ್ತೆ ಕೊರೆಯುವುದೇ ಮೇಲು.

ಮಳೆಯ ಸುಳಿವು ಆಕ್ಸಿಜನ್‌ನಲ್ಲಿದೆ. ನಮ್ಮ ಮುಂಗಾರು ಸೀಮೆಯಲ್ಲಿ ಮಳೆ ಹೆಚ್ಚಾದಷ್ಟೂ ಅದರಲ್ಲಿ ಭಾರದ ಆಕ್ಸಿಜನ್-18ರ ಪಾಲು ಸಾಮಾನ್ಯವಾಗಿ ಇಳಿಯುತ್ತದೆ, ಮತ್ತು ಅದೇ ಗುರುತು ಕಲ್ಲಿಗೂ ಇಳಿಯುತ್ತದೆ. ಆದರೆ ಕಲ್ಲನ್ನು ಮಳೆಮಾಪಕವೆಂದು ಓದುವವರನ್ನು ಕಂಡರೆ ನನಗೆ ಕಸಿವಿಸಿಯಾಗುತ್ತದೆ. ಮೋಡ ಅರಬ್ಬೀ ಸಮುದ್ರದಿಂದ ಬಂತೋ ಬಂಗಾಳ ಕೊಲ್ಲಿಯಿಂದಲೋ ಎಂಬುದೂ, ಗುಹೆ ಒಣಗಿದ್ದು ಹನಿ ಆವಿಯಾಯಿತೋ ಎಂಬುದೂ ಇದೇ ಅಂಕಿಯಲ್ಲಿ ಬೆರೆತಿರುತ್ತವೆ. ಮೇಘಾಲಯದ ಮಾವ್‌ಮ್ಲು ಗುಹೆಯ ಒಂದು ಸ್ಟ್ಯಾಲಗ್ಮೈಟಿನಲ್ಲಿ ಮುಂಗಾರು ಥಟ್ಟನೆ ಕುಗ್ಗಿದಂತೆ ಕಾಣುವ ಗುರುತನ್ನು ಆಧಾರವಾಗಿಟ್ಟು, 4,200 ವರ್ಷಗಳ ಹಿಂದಿನಿಂದ ಇಂದಿನವರೆಗಿನ ಕಾಲಕ್ಕೆ ‘ಮೇಘಾಲಯನ್’ ಎಂಬ ಹೆಸರನ್ನು 2018ರಲ್ಲಿ ಅಧಿಕೃತಗೊಳಿಸಲಾಯಿತು. ಆದರೆ ಅದೇ ಗುಹೆಯ ಬೇರೆ ಕಲ್ಲುಗಳಲ್ಲಿ ಆ ಬದಲಾವಣೆ ಅಷ್ಟು ಥಟ್ಟನೆ ಕಾಣುವುದಿಲ್ಲ.

ಹಾಗೆಂದು ಈ ಸಾಕ್ಷ್ಯ ಹುಸಿಯಲ್ಲ. ಬಸ್ತರದ ದಂಡಕ್ ಗುಹೆಯ ಕಲ್ಲು ಕ್ರಿ.ಶ. 600ರಿಂದ 1500ರವರೆಗಿನ ಮುಂಗಾರನ್ನು ತೋರಿಸುತ್ತದೆ, ಮತ್ತು ಅದರಲ್ಲಿ ಹದಿನಾಲ್ಕನೆಯ ಶತಮಾನದಿಂದ ಹದಿನೈದನೆಯದಕ್ಕೆ ಹಾಯುವ ದುರ್ಬಲ ಮಳೆಗಾಲ, ಮಹಾರಾಷ್ಟ್ರದ ನೆನಪಿನಲ್ಲಿ ಉಳಿದ, 1396ರಿಂದ ಹನ್ನೆರಡು ವರ್ಷ ಕಾಡಿತೆನ್ನುವ ದುರ್ಗಾದೇವಿ ಕ್ಷಾಮಕ್ಕೆ ಹೊಂದುತ್ತದೆ. ಉತ್ತರ ಕನ್ನಡದ ಅಕಳಗವಿಯ ಕಲ್ಲಿನಲ್ಲಿ 331 ವರ್ಷಗಳ ಪದರಗಳನ್ನು ಎಣಿಸಿದ್ದಾರೆ. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ ಎಂಬುದನ್ನು ನೆನೆದರೆ ಆ ಎಣಿಕೆಯ ಬೆಲೆ ತಿಳಿಯುತ್ತದೆ.

ಮಳೆಯ ಗುರುತು ಕಲ್ಲಿಗೆ ಹೇಗೆ ಇಳಿಯುತ್ತದೆಂದು ನೋಡಲು ಈಗ ನಾವು ಕಲ್ಲಿನ ಜೊತೆಗೆ ಹನಿಯನ್ನೂ ಹಿಡಿಯುತ್ತೇವೆ. ಹನಿಯ ಕೆಳಗೆ ಗಾಜಿನ ತಟ್ಟೆಯಿಟ್ಟು, ಮೇಲೆ ಸುರಿದ ಮಳೆಯನ್ನೂ ಅಳೆದು, ವರ್ಷದ ನಂತರ ಗಾಜಿನ ಮೇಲಿನ ತೆಳ್ಳನೆಯ ಬಿಳಿ ಪೊರೆಯನ್ನು ಬ್ಲೇಡಿನಿಂದ ಕೆರೆದು ಕಾಗದದಲ್ಲಿ ಮಡಚಿ ಪುಣೆಗೆ ತರುತ್ತೇವೆ.