ಮೂರು ವಾಲ್ವ್, ಒಂದು ಗಿರಣಿ, ಸ್ವಲ್ಪ ಚಕ್ರಬಡ್ಡಿ

ಮದುವೆ ಮೆರವಣಿಗೆಯ ಬ್ಯಾಂಡಿನವರನ್ನು ನೋಡಿ ಜನ ಎರಡು ಮಾತು ಹೇಳುತ್ತಾರೆ. ಹಿತ್ತಾಳೆ ನಡುಗುವುದರಿಂದಲೇ ಅಷ್ಟು ಜೋರು ಸದ್ದು ಅನ್ನುವುದು ಒಂದು. ಇರೋದೇ ಮೂರು ಗುಂಡಿ, ಅದರಲ್ಲಿ ಏನು ಮಹಾ ಸಂಗೀತ ಅನ್ನುವುದು ಇನ್ನೊಂದು. ಎರಡೂ ತಪ್ಪು. ನಡುಗುವುದು ಊದುವವನ ತುಟಿ, ಮತ್ತೆ ಕೊಳವೆಯೊಳಗಿನ ಗಾಳಿ. ಪ್ಲಾಸ್ಟಿಕ್ಕಿನ ಟ್ರಂಪೆಟ್ಟೂ ಟ್ರಂಪೆಟ್ಟಿನ ಹಾಗೇ ಕೂಗುತ್ತದೆ. ಇನ್ನು ಆ ಮೂರು ಗುಂಡಿಯ ವಿಷಯಕ್ಕೆ ಬಂದರೆ, ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ಗಿರಣಿಯವರೆಗೆ ಹೋಗಿ ಬರಬೇಕು.

ಬ್ರ್ಯಾಡ್‌ಫರ್ಡ್ ಹತ್ತಿರ, ಗುಡ್ಡದ ಮೇಲೆ, ಕ್ವೀನ್ಸ್‌ಬರಿ ಅಂತ ಊರು. ಅಲ್ಲಿ ಬ್ಲ್ಯಾಕ್ ಡೈಕ್ ಮಿಲ್ಸ್ ಎಂಬ ಉಣ್ಣೆ ಬಟ್ಟೆಯ ಗಿರಣಿ. ಮಾಲೀಕ ಜಾನ್ ಫೋಸ್ಟರ್‌ಗೆ ಹರೆಯದಲ್ಲಿ ಫ್ರೆಂಚ್ ಹಾರ್ನ್ ಊದುವ ಹುಚ್ಚಿತ್ತು. 1855ರಲ್ಲಿ ಅವನು ಊರಿನ ಬ್ಯಾಂಡಿಗೆ ಹೊಸ ವಾದ್ಯ ಕೊಡಿಸಿದ. ತನ್ನದೇ ಗಿರಣಿಯ ಬಟ್ಟೆಯಲ್ಲಿ ಸಮವಸ್ತ್ರ ಹೊಲಿಸಿದ. ಹಗಲು ಗಿರಣಿಯಲ್ಲಿ ದುಡಿದವರು ಸಂಜೆ ಊದಲು ಕೂರುತ್ತಿದ್ದರು. ಐದೇ ವರ್ಷಕ್ಕೆ, 1860ರಲ್ಲಿ, ಇದೇ ಬ್ಯಾಂಡ್ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಸ್ಪರ್ಧೆಯಲ್ಲಿ ಬಹುಮಾನ ಹೊಡೆಯಿತು. 1862ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಸ್ಪರ್ಧೆಯನ್ನೂ ಗೆದ್ದಿತು. ಬೆಲ್ ವ್ಯೂ ಅಂದರೆ ಮೃಗಾಲಯ! ಅಂಥ ಜಾಗದಲ್ಲಿ ಶ್ರುತಿ ಹಿಡಿದು ನಿಲ್ಲುವುದು ಸಣ್ಣ ಮಾತಲ್ಲ.

ದಿನವಿಡೀ ಗಿರಣಿಯಲ್ಲಿ ಕಳೆಯುವ ಜನಕ್ಕೆ ಇದು ಹೇಗೆ ಸಾಧ್ಯವಾಯಿತು? ನನ್ನ ಉತ್ತರ ವಾಲ್ವ್, ಅಂದರೆ ಆ ಮೂರು ಗುಂಡಿ.

ಬರೀ ಕೊಳವೆಯನ್ನು ಊದಿದರೆ ಎಲ್ಲ ಸ್ವರ ಬರುವುದಿಲ್ಲ. ಕೆಳಗಿನ ಸ, ಆಮೇಲೆ ಒಮ್ಮೆಗೇ ಹಾರಿ ಪ, ಆಮೇಲೆ ಮೇಲಿನ ಸ. ಅಂತರ ಹತ್ತಿರವಾಗುವುದು ಅದಕ್ಕೂ ಮೇಲೆ ಹೋದಾಗ. ಮಹಡಿಯಲ್ಲಿ ಎತ್ತರಕ್ಕೆ ಮೆಟ್ಟಿಲಿದೆ, ಕೆಳಗೆ ಮೆಟ್ಟಿಲೇ ಕಟ್ಟಿಲ್ಲ ಅನ್ನುವ ಸ್ಥಿತಿ. ಸ ಮತ್ತು ಪ ನಡುವೆ ಬಿಟ್ಟುಹೋದ ಸ್ವರಸ್ಥಾನ ಎಷ್ಟು? ಎರಡು ರಿ, ಎರಡು ಗ, ಎರಡು ಮ. ಒಟ್ಟು ಆರು.

ಈಗ ವಾಲ್ವ್ ನೋಡಿ. ಒತ್ತಿದರೆ ದಾರಿ ತಿರುಗಿ, ಗಾಳಿಗೆ ಒಂದಿಷ್ಟು ಹೆಚ್ಚುವರಿ ಕೊಳವೆ ಸೇರುತ್ತದೆ. ಕೊಳವೆ ಉದ್ದವಾದರೆ ಸ್ವರ ಇಳಿಯುತ್ತದೆ. ಎರಡನೇ ವಾಲ್ವ್ ಒಂದು ಸ್ಥಾನ ಇಳಿಸುತ್ತದೆ, ಮೊದಲನೆಯದು ಎರಡು, ಮೂರನೆಯದು ಮೂರು. ಜೇಬಲ್ಲಿ ಒಂದು, ಎರಡು, ಮೂರು ರೂಪಾಯಿಯ ನಾಣ್ಯ ಒಂದೊಂದೇ ಇದ್ದರೆ ಒಂದರಿಂದ ಆರರವರೆಗೆ ಯಾವ ಚಿಲ್ಲರೆ ಬೇಕಾದರೂ ಕೊಡಬಹುದು, ಅಲ್ವಾ? ಪಂಚಮದಿಂದ ಆರು ಮೆಟ್ಟಿಲು ಇಳಿದರೆ ಶುದ್ಧ ರಿಷಭ. ಅದರ ಕೆಳಗಿನ ಸ ಹೇಗೂ ಗುಂಡಿ ಒತ್ತದೆಯೇ ಬರುತ್ತದೆ. ಮೂರೇ ವಾಲ್ವ್ ಹೇಗೆ ಸಾಕಾಗುತ್ತದೆ ಎಂದು ಕೇಳುವವರಿಗೆ ಇಷ್ಟು ಲೆಕ್ಕ ಸಾಕು.

ಆದರೆ ಲೆಕ್ಕದಲ್ಲಿ ಒಂದು ತೂತಿದೆ. ನನಗೆ ತುಂಬಾ ಇಷ್ಟವಾದ ತೂತು. ಸ್ವರ ಇಳಿಯುವುದು ಚಕ್ರಬಡ್ಡಿಯಲ್ಲಿ. ವಾಲ್ವ್ ಕೊಡುವುದು ಸರಳ ಬಡ್ಡಿ. ಕೊಳವೆ 100 ಸೆಂಟಿಮೀಟರ್ ಅಂದುಕೊಳ್ಳಿ. ಒಂದು ಸ್ಥಾನ ಇಳಿಸಲು ಸುಮಾರು 6 ಸೆಂಟಿಮೀಟರ್ ಸೇರಿಸಬೇಕು, ಎರಡಕ್ಕೆ 12, ಮೂರಕ್ಕೆ 19. ಮೂರನ್ನೂ ಒಟ್ಟಿಗೆ ಒತ್ತಿದರೆ 37. ಆದರೆ ಆರು ಸ್ಥಾನ ಇಳಿಯಲು ಬೇಕಾದದ್ದು 41! ಉದ್ದವಾದ ಕೊಳವೆಗೆ ಪ್ರತಿ ಮೆಟ್ಟಿಲೂ ಉದ್ದವೇ ಬೇಕು. ಮಗುವಿನ ಅಂಗಿಯ ಅಳತೆಗೆ ಕತ್ತರಿಸಿದ ತೇಪೆಯನ್ನು ಅಪ್ಪನ ಅಂಗಿಗೆ ಹಾಕಿದರೆ ಮುಚ್ಚುತ್ತದೆಯೇ? ನಾಲ್ಕು ಸೆಂಟಿಮೀಟರ್ ಸಾಲ ಹಾಗೇ ಉಳಿಯುತ್ತದೆ. ಸ್ವರ ಮೇಲಕ್ಕೆ ಜಾರುತ್ತದೆ.

ಟ್ರಂಪೆಟ್ಟಿನಂಥ ಚಿಕ್ಕ ವಾದ್ಯವಾದ ಕಾರ್ನೆಟ್ ಊದುವವರು ಇದನ್ನು ಬೆರಳಲ್ಲಿ ಚಿಕ್ಕ ಕೊಳವೆ ಜಾರಿಸಿ, ತುಟಿ ಸಡಿಲಿಸಿ ಸರಿಮಾಡುತ್ತಾರೆ. ದೊಡ್ಡ ವಾದ್ಯಗಳಲ್ಲಿ ಅದು ಕಷ್ಟ. 1874ರಲ್ಲಿ ಲಂಡನ್ನಿನ ಬೂಸಿ ಕಂಪನಿಯ ಡೇವಿಡ್ ಬ್ಲೇಕ್ಲಿ ಜಾಣ ಉಪಾಯ ಮಾಡಿದ. ಮೂರನೇ ವಾಲ್ವ್ ಒತ್ತಿದರೆ ದಾರಿ ಇನ್ನೊಂದು ಸುತ್ತು ಹಾಕಿ ಉಳಿದೆರಡು ವಾಲ್ವ್‌ಗಳನ್ನು ಮತ್ತೆ ಹಾಯುತ್ತದೆ. ಆಗ ಅವೂ ಒತ್ತಿದ್ದರೆ ಅಲ್ಲಿರುವ ಪುಟ್ಟ ಕೊಳವೆಗಳು ಸೇರುತ್ತವೆ. ಬಡ್ಡಿಯ ಮೇಲಿನ ಬಡ್ಡಿ ಅಂದರೆ ಅದೇ. ಬ್ರಿಟಿಷ್ ಬ್ಯಾಂಡಿನ ಯುಫೋನಿಯಂ, ಬಾಸ್‌ನಂಥ ದಪ್ಪ ದನಿಯ ವಾದ್ಯಗಳಲ್ಲಿ ಇವತ್ತಿಗೂ ಇದೇ ಉಪಾಯ ನಡೆಯುತ್ತದೆ.

ಗಿರಣಿಯ ಜನಕ್ಕೆ ನಿಜವಾದ ವರ ಇನ್ನೊಂದು. ಒಂದೂವರೆ ಮೀಟರೂ ಇಲ್ಲದ ಕಾರ್ನೆಟ್ಟಿಗೂ ಐದೂವರೆ ಮೀಟರಿನ ಬಾಸ್‌ಗೂ ಬೆರಳಿನ ಲೆಕ್ಕ ಒಂದೇ. ಬಾಸ್ ಟ್ರೊಂಬೋನ್ ಬಿಟ್ಟರೆ ಎಲ್ಲ ಹಿತ್ತಾಳೆ ವಾದ್ಯಗಳ ಸ್ವರಲಿಪಿಯೂ ಒಂದೇ ಕ್ರಮದಲ್ಲಿ. ಬಾಸ್ ಊದುವವನು ಊರು ಬಿಟ್ಟನೇ? ಹಾರ್ನ್ ಹುಡುಗ ಅದನ್ನು ಹೊತ್ತುಕೊಂಡರೆ ಆಯ್ತು. ತುಟಿ ಹೊಸದಾಗಿ ಪಳಗಬೇಕು, ಸ್ವರಲಿಪಿ ಓದುವುದನ್ನು ಹೊಸದಾಗಿ ಕಲಿಯಬೇಕಿಲ್ಲ. ಒಂದು ವಾದ್ಯ ಕಲಿತವನಿಗೆ ಅರ್ಧ ಬ್ಯಾಂಡೇ ಕೈಗೆ ಸಿಕ್ಕಂತೆ.

1928ರ ಬ್ರಿಟನ್ನಿನ ರಾಷ್ಟ್ರೀಯ ಬ್ಯಾಂಡ್ ಸ್ಪರ್ಧೆಗೆಂದೇ ಹೋಲ್ಸ್ಟ್‌ನಂಥ ದೊಡ್ಡ ಸಂಗೀತಗಾರ ಹೊಸ ಕೃತಿ ಬರೆದುಕೊಟ್ಟ. ಗೆದ್ದದ್ದು ಬ್ಲ್ಯಾಕ್ ಡೈಕ್. ಗಿರಣಿಯ ಕೆಲಸ ನಿಂತು ದಶಕಗಳೇ ಆದವು. ಬ್ಯಾಂಡ್ ಮಾತ್ರ ಇನ್ನೂ ಸ್ಪರ್ಧೆಗೆ ಇಳಿಯುತ್ತದೆ. ಅಲ್ಲಿ ತೀರ್ಪುಗಾರರನ್ನು ಮುಚ್ಚಿದ ಡೇರೆಯೊಳಗೆ ಕೂರಿಸುತ್ತಾರೆ. ಊದುತ್ತಿರುವುದು ಯಾವ ಬ್ಯಾಂಡ್ ಅಂತ ಅವರಿಗೆ ಗೊತ್ತಾಗಬಾರದು. ಸಮವಸ್ತ್ರ ಕಾಣದು, ಹೆಸರು ಕಾಣದು. ಆ ನಾಲ್ಕು ಸೆಂಟಿಮೀಟರ್ ಮಾತ್ರ ಕೇಳಿಸುತ್ತದೆ.