ಕೆಂಪು ಹಣ್ಣು ಬೇಕಾದರೆ ತೂಕದ ದಿನವೇ ದುಡ್ಡು ಕೊಡಿ

ನವೆಂಬರ್ ಹತ್ತಿರ ಬಂದರೆ ಬೆಂಗಳೂರಿನಲ್ಲಿ ಕಾಫಿ ಬೀಜ ಹುರಿದು ಮಾರುವ ಸಣ್ಣ ರೋಸ್ಟರ್‌ಗಳ ಫೋನ್ ಶುರುವಾಗುತ್ತದೆ. "ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಾಫಿ ಬೇಕು ಸಾರ್, ಬರೀ ಕೆಂಪು ಹಣ್ಣಿನದು." ಸೋಲಿಗರು ಅಂದರೆ ಆ ಬೆಟ್ಟದ ಕಾಡಿನ ಆದಿವಾಸಿಗಳು. ಅವರಿಗೆ ದುಡ್ಡು ಯಾವಾಗ ಕೊಡ್ತೀರಿ ಅಂದರೆ, "ಮಾಲು ಮಾರಿದ ಮೇಲೆ, ಏಪ್ರಿಲ್‌ಗೆ." ಒಳ್ಳೆಯ ಮನಸ್ಸಿನ ಹುಡುಗರೇ. ಆದರೆ ಕೆಂಪು ಹಣ್ಣು ಮತ್ತು ಏಪ್ರಿಲ್ ದುಡ್ಡು, ಎರಡೂ ಒಟ್ಟಿಗೆ ಸಿಗುವುದಿಲ್ಲ. ಕಾಫಿ ಗುಣಮಟ್ಟದ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ಮಾತು ಇದು. ಇನ್ನೊಮ್ಮೆ ಹೇಳುತ್ತೇನೆ.

ಅರೇಬಿಕಾ ಜಾತಿಯ ಕಾಫಿ ಗಿಡದ ಒಂದು ಗೊಂಚಲು ಹಿಡಿದು ನೋಡಿ. ಹಸಿರು ಕಾಯಿ, ಹಳದಿ ತಿರುಗಿದ್ದು, ಕೆಂಪು ಹಣ್ಣು, ಎಲ್ಲ ಒಂದೇ ಕಡೆ ಇರುತ್ತವೆ. ಹಣ್ಣನ್ನು ಬೆರಳಲ್ಲಿ ಒತ್ತಿದರೆ ಬೀಜ ಜಾರಿ ಹೊರಗೆ ಬರುತ್ತದೆ. ಕಾಯಿಯನ್ನು ಎಷ್ಟು ಒತ್ತಿದರೂ ಬರುವುದಿಲ್ಲ. ಆ ಕಾಯಿ ಹುರಿದಾಗ ಸರಿಯಾಗಿ ಬಣ್ಣ ತಿರುಗದೆ ಪೇಲವವಾಗಿ ಉಳಿಯುತ್ತದೆ, ಲೋಟದಲ್ಲಿ ಒಗರು ಕೊಡುತ್ತದೆ. ಹಾಗಾಗಿ ಕೆಂಪು ಮಾತ್ರ ಬೇಕೆಂದರೆ ಅದೇ ಗಿಡಕ್ಕೆ ಮೂರು ನಾಲ್ಕು ಸಲ ಹೋಗಬೇಕು. ಒಂದು ಕೈಯಲ್ಲಿ ಕೊಂಬೆ ಪೂರ್ತಿ ಉಜ್ಜಿ ಇಳಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ.

ಇನ್ನು ಲೆಕ್ಕ. ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ. ಹುರಿದರೆ ಅದರಲ್ಲೂ ನೂರಕ್ಕೆ 15ರಷ್ಟು, ಕೆಲವೊಮ್ಮೆ ಜಾಸ್ತಿಯೇ ತೂಕ ಹೋಗುತ್ತದೆ. ಅಂದರೆ ನಿಮ್ಮ ಒಂದು ಕಿಲೋ ಪುಡಿಯ ಹಿಂದೆ ಆರೇಳು ಕಿಲೋ ಹಣ್ಣು, ಒಂದೊಂದಾಗಿ ಆರಿಸಿದ್ದು. ಒಂದು ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಅಜ್ಜಿಯೊಬ್ಬರಿಗೆ ನಾನು ಹಣ್ಣೇ ಕೊಯ್ಯಿರಿ ಅಂದೆ. ಅವರು ಕೈ ನಿಲ್ಲಿಸದೆ, "ಹಣ್ಣೇ ಕೊಯ್ತೀನಿ ಸಾಮಿ, ಅಂಗಡಿಯವನು ಅಲ್ಲೀಗಂಟ ಕಾಯ್ತಾನಾ ಕೇಳಿ" ಅಂದರು. ಸಂಜೆ ಜೀಪು ತಂದು ಕಾಯಿ, ಹಣ್ಣು ನೋಡದೆ ಒಂದೇ ರೇಟಿಗೆ ತೂಗಿ ಕೈಗೆ ನೋಟು ಇಡುವ ವ್ಯಾಪಾರಿ ಇರುವಾಗ, ನಿಮ್ಮ ಏಪ್ರಿಲ್‌ಗೆ ಅವರು ಯಾಕೆ ಕಾಯಬೇಕು?

ಆ ದುಡ್ಡಿನ ಅವಸರ ಎಲ್ಲಿಂದ ಬಂತು ಅನ್ನುವುದೂ ಗೊತ್ತಿರಬೇಕು. 1974ರಲ್ಲಿ ಅಭಯಾರಣ್ಯವಾದ ಮೇಲೆ ಸೋಲಿಗರ ಜಾಗ ಬದಲಿಸುವ ಬೇಸಾಯ ನಿಂತಿತು. 2006ರಲ್ಲಿ ಜೇನು, ನೆಲ್ಲಿಕಾಯಿ ತಂದು ಮಾರುವುದಕ್ಕೂ ತಡೆ ಬಿತ್ತು. ಕೂಲಿಗೆ ಬೆಟ್ಟ ಇಳಿದವರು ಬಹಳ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಕಾಡಿನ ಮೇಲೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಮನೆ ಪಕ್ಕದ ಮರದ ನೆರಳಲ್ಲಿ ಕಾಫಿ ಇದ್ದವರಿಗೆ ಊರಲ್ಲೇ ನಿಲ್ಲಲು ಒಂದು ದಾರಿ ಇದೆ. ಊರಲ್ಲಿ ನಿಂತರೆ ತಾನೇ ಹಾಡು, ಕುಲದೇವರ ಕಲ್ಲು, ದೊಡ್ಡ ಸಂಪಿಗೆ ಮರದ ಪೂಜೆ ಎಲ್ಲ ಮಕ್ಕಳ ಕಣ್ಣೆದುರು ನಡೆಯುವುದು? ಬೆಟ್ಟದ ದೇವರು ಬಿಳಿಗಿರಿ ರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ಅವರಿಗೆ ಭಾವ. ಭಾವನ ಚಿಕ್ಕ ಜಾತ್ರೆ ಸಂಕ್ರಾಂತಿ ಹೊತ್ತಿಗೆ, ಸರಿಯಾಗಿ ಕೊಯ್ಲಿನ ಮಧ್ಯೆ ಬರುತ್ತದೆ. ಖರ್ಚಿಗೆ ಕಾಸು ಬೇಕಾಗುವುದೂ ಆಗಲೇ ಅಲ್ವಾ?

ಎಲ್ಲ ಸೋಲಿಗರ ಮನೆಯಲ್ಲೂ ಕಾಫಿ ಇಲ್ಲ, ಎಲ್ಲ ಪೋಡಿನ ಪರಿಸ್ಥಿತಿಯೂ ಒಂದೇ ಅಲ್ಲ. ದರ ಎಷ್ಟು ಅಂತ ನಾನು ಇಲ್ಲಿ ಹೇಳಲಾರೆ, ಅದು ಮಾರುಕಟ್ಟೆ ಮೇಲೆ ಹೋಗುತ್ತದೆ. ನೆರಳು ಕಡಿದು ಇಳುವರಿ ಹೆಚ್ಚಿಸಿ ಅನ್ನುವವರಿಗೆ ಮಾತ್ರ ಖಡಾಖಂಡಿತ ಬೇಡ ಅನ್ನುತ್ತೇನೆ.

ನಿಮ್ಮ ಹತ್ತಿರ ಹತ್ತು ಮೂಟೆಗೆ ಕಾಸಿಲ್ಲವೇ? ಎರಡೇ ಮೂಟೆ ತಗೊಳ್ಳಿ. ಹಣ್ಣಿಗೆ ಒಂದು ರೇಟು, ಕಾಯಿ ಬೆರೆತರೆ ಇನ್ನೊಂದು ರೇಟು ಅಂತ ಕೊಯ್ಲಿಗೆ ಮೊದಲೇ ಹೇಳಿ. ತಕ್ಕಡಿ ಅವರ ಎದುರೇ ಇಡಿ. ಒಣಗಿಸಲು ಟಾರ್ಪಾಲು ಕೊಡಿ, ಬರೀ ಮಣ್ಣಿನ ಮೇಲೆ ಹರವಿದರೆ ಮಣ್ಣಿನ ವಾಸನೆ ಹಿಡಿದೇ ಹಿಡಿಯುತ್ತದೆ. ತೂಗಿದ ದಿನವೇ ದುಡ್ಡು ಎಣಿಸಿ ಕೊಡಿ. ಇದಕ್ಕೆ ಒಪ್ಪುವುದಾದರೆ ಡಿಸೆಂಬರ್ ಮೊದಲ ವಾರ ಬನ್ನಿ, ಪೋಡಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.